ನೀರು ಕುಡಿಯಲು ಯೋಗ್ಯವೆಂದು ಓದಿದವನು

ಹನ್ನೆರಡು ವರ್ಷ ನಾನು ಸರ್ಕಾರಿ ಬಾನುಲಿಯಲ್ಲಿ ಕನ್ನಡ ಸುದ್ದಿ ಓದಿದೆ. ಕಾಯಂ ನೌಕರನಾಗಿರಲಿಲ್ಲ. ತಿಂಗಳ ಡ್ಯೂಟಿ ಪಟ್ಟಿಯಲ್ಲಿ ಹೆಸರು ಬಂದ ದಿನ ಹೋಗಿ ಓದಿ ಬರುತ್ತಿದ್ದೆ. ಉಳಿದ ದಿನಗಳಲ್ಲಿ ಪೀಣ್ಯದ ಒಂದೆರಡು ಕಾರ್ಖಾನೆಗಳಿಗೆ ಸುರಕ್ಷತಾ ಕೈಪಿಡಿಗಳನ್ನು ಕನ್ನಡಕ್ಕೆ ಅನುವಾದ ಮಾಡಿಕೊಡುತ್ತಿದ್ದೆ. ಹೊಟ್ಟೆ ತುಂಬಿಸುತ್ತಿದ್ದುದು ಆ ಕೈಪಿಡಿಗಳೇ. ಆದರೂ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಮೊದಲು ಬಾಯಿಗೆ ಬರುತ್ತಿದ್ದುದು ಸುದ್ದಿ ಓದುವುದು.

ಟಿ. ದಾಸರಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಇಲ್ಲಿರುವ ಕುಟುಂಬ ನಮ್ಮದು. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ. ಕೆಳಗೆ ನಾನು ಮತ್ತು ಅವ್ವ, ಮೇಲೆ ಆರು ಬಾಡಿಗೆ ಮನೆಗಳು. ಬಾಡಿಗೆಗಿರುವವರೆಲ್ಲ ಪೀಣ್ಯಕ್ಕೆ ಕೆಲಸಕ್ಕೆ ಹೋಗುವವರು. ನನ್ನ ಬುಲೆಟಿನ್ ಇರುವ ಬೆಳಿಗ್ಗೆ ಅವ್ವ ರೇಡಿಯೋವನ್ನು ಅಡುಗೆಮನೆಯ ಕಿಟಕಿಯ ಮೇಲಿಟ್ಟು, ಮೆಟ್ಟಿಲು ಹತ್ತಿಳಿಯುವವರಿಗೆಲ್ಲ ಕೇಳುವಷ್ಟು ಜೋರು ಮಾಡುತ್ತಿದ್ದಳು. ಬೀದಿಯಲ್ಲಿ ಏನಾದರೂ ಗಾಳಿಸುದ್ದಿ ಎದ್ದರೆ ಅವಳದು ಒಂದೇ ಮಾತು: "ಯಾರೋ ಏನೋ ಅಂದ್ರೆ ನಂಬಬ್ಯಾಡಿ. ನನ್ ಮಗ ಏಳ್ಲಿ, ಆಮ್ಯಾಕ್ ನೋಡಾನ."

ಆಗ ಆ ಮಾತು ಕೇಳಿ ನಾನು ನಗುತ್ತಿದ್ದೆ. ಸುಳ್ಳೇಕೆ, ಖುಷಿಯೂ ಆಗುತ್ತಿತ್ತು.

ಎರಡು ವರ್ಷದ ಹಿಂದೆ, ಬೇಸಿಗೆ ಕೊನೆಯಲ್ಲಿ, ಒಂದು ಮಂಗಳವಾರ ನಮ್ಮ ನೆಲದಡಿಯ ಸಂಪ್ ತೊಟ್ಟಿಗೆ ಬಿದ್ದ ನೀರು ಹಳದಿಯಾಗಿತ್ತು. ಬರೀ ಮಣ್ಣಿನ ಹಳದಿಯಲ್ಲ, ಅದರಲ್ಲಿ ಹಸಿರಿನ ಛಾಯೆ ಇತ್ತು. ಮೂಗಿನ ಹತ್ತಿರ ಹಿಡಿದರೆ ಕಬ್ಬಿಣ ಕಾಯಿಸಿದ ವಾಸನೆ. ನಮ್ಮ ಬೀದಿಯ ಹಿಂದೆ ಲೋಹದ ಬಿಡಿಭಾಗಗಳಿಗೆ ಹೊಳಪು ಕೊಡುವ ಸಣ್ಣ ಸಣ್ಣ ಪ್ಲೇಟಿಂಗ್ ಶೆಡ್ಡುಗಳಿವೆ. ಅವುಗಳ ಆಸಿಡ್ ನೀರು ಹರಿಯುವ ಮೋರಿಯ ತಳದಲ್ಲೇ ನಮ್ಮ ಕುಡಿಯುವ ನೀರಿನ ಪೈಪು ಹೋಗುತ್ತಿತ್ತು. ಅವ್ವ ಒಂದು ಲೋಟ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿದಳು. ಕೂಡಲೇ ಮೇಲಿನ ಟ್ಯಾಂಕಿಗೆ ಹೋಗುವ ವಾಲ್ವ್ ತಿರುಗಿಸಿ ಬಂದ್ ಮಾಡಿ, ಆರೂ ಮನೆಯ ಬಾಗಿಲು ಬಡಿದು ಹೇಳಿದಳು: "ನಲ್ಲಿ ನೀರು ಬಾಯಿಗಾಕಬ್ಯಾಡಿ. ಕ್ಯಾನ್ ತಂದ್ಕಳಿ."

ಅದೇ ದಿನ ಬೀದಿಯ ತುದಿಯ ಜೆರಾಕ್ಸ್ ಅಂಗಡಿಯವನು ಅದನ್ನು ಸುದ್ದಿ ಮಾಡಿದ. ಮೊದಲು ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುತ್ತಿದ್ದವನು, ಅದು ಮುಚ್ಚಿದ ಮೇಲೆ ಅಂಗಡಿ ಇಟ್ಟಿದ್ದ. ಬಿಡುವಿನಲ್ಲಿ ಫೋನು ಹಿಡಿದು ಓಡಾಡಿ, ಗುಂಡಿ ಬಿದ್ದ ರಸ್ತೆ, ಬರದ ಬಸ್ಸು, ಉರಿಯದ ಬೀದಿದೀಪಗಳ ವಿಡಿಯೊ ಮಾಡಿ ತನ್ನದೇ ಪುಟ್ಟ ಚಾನೆಲ್ಲಿಗೆ ಹಾಕುತ್ತಿದ್ದ. ನಾನು ಅವನನ್ನು ಒಳಗೊಳಗೇ ಹಗುರವಾಗಿ ಕಾಣುತ್ತಿದ್ದೆ. ಅವನ ಮಾತಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ಕಲಸಿಹೋಗುತ್ತಿದ್ದವು. ಒಂದೇ ವಾಕ್ಯದಲ್ಲಿ ಮೂರು ಸಲ 'ವೀಕ್ಷಕರೇ' ಎನ್ನುತ್ತಿದ್ದ. ಆದರೆ ಆವತ್ತು ಅವನು ಪ್ಯಾಂಟು ಮಡಚಿಕೊಂಡು ಮೋರಿಗೆ ಇಳಿದ. ಪೈಪಿನ ಜಾಯಿಂಟು ಬಾಯಿಬಿಟ್ಟಿದ್ದುದನ್ನು ತೋರಿಸಿದ. ಎಂಟು ಮನೆಗಳ ನಲ್ಲಿ ನೀರನ್ನು ಎಂಟು ಬಾಟಲಿಯಲ್ಲಿ ಹಿಡಿದು ಅಂಗಡಿಯ ಕೌಂಟರಿನ ಮೇಲೆ ಸಾಲಾಗಿ ಇಟ್ಟು ತೋರಿಸಿದ. ಸಂಜೆಯಷ್ಟರಲ್ಲಿ ಇಡೀ ದಾಸರಹಳ್ಳಿ ನೋಡಿತ್ತು. ಜನ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಂತರು.

ಗುರುವಾರ ನನ್ನ ಡ್ಯೂಟಿ. ಮೊದಲ ಮೆಟ್ರೊ ಹಿಡಿದು ಹೋದೆ. ಬುಲೆಟಿನ್ನಿನ ಹಾಳೆಗಳನ್ನು ಒಮ್ಮೆ ಓದಿಕೊಳ್ಳುವಾಗ ಏಳನೆಯ ಸುದ್ದಿ ಕಣ್ಣಿಗೆ ಬಿತ್ತು. ದಾಸರಹಳ್ಳಿ ಸುತ್ತಮುತ್ತ ಕುಡಿಯುವ ನೀರು ಕಲುಷಿತಗೊಂಡಿದೆ ಎಂಬ ವರದಿಗಳು ಆಧಾರರಹಿತ, ನೀರು ಕುಡಿಯಲು ಯೋಗ್ಯವಾಗಿದೆ, ಸಾರ್ವಜನಿಕರು ವದಂತಿಗಳಿಗೆ ಕಿವಿಗೊಡಬಾರದು. ಅಷ್ಟೇ, ಮೂರು ಸಾಲು.

ಹಾಳೆ ಹಿಡಿದುಕೊಂಡು ಸಂಪಾದಕರ ಮೇಜಿಗೆ ಹೋದೆ. ನಿವೃತ್ತಿಗೆ ಒಂದು ವರ್ಷವಿದ್ದ ಅವರು ಕೆಟ್ಟ ಮನುಷ್ಯರಲ್ಲ. ನನಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು ಅವರೇ.

"ಸಾರ್, ಇದು ನಮ್ಮ ಬೀದಿ ಸುದ್ದಿ. ನಮ್ಮನೆ ನಲ್ಲೀಲಿ ನೀರು ಹಳದಿ ಬರ್ತಿದೆ."

ಅವರು ಕನ್ನಡಕದ ಮೇಲಿಂದ ನೋಡಿದರು. "ಸರ್ಕಾರದ ಪ್ರೆಸ್ ನೋಟ್ ಬಂದಿದೆಯಲ್ರೀ."

"ನೋಟ್ ಬರೆದೋರು ಯಾರೂ ಅಲ್ಲಿಗೆ ಬಂದಿಲ್ಲ ಸಾರ್. ನಮ್ಮ ಕಡೆಯಿಂದಾನೂ ಯಾರೂ ಹೋಗಿಲ್ಲ. ಟೆಸ್ಟ್ ರಿಪೋರ್ಟ್ ಏನಾದ್ರೂ ಜೊತೆಗಿದೆಯಾ?"

"ಇಲ್ಲ. ಕೇಳೋಕೆ ಈಗ ಟೈಮೂ ಇಲ್ಲ."

"ಹೋಗ್ಲಿ, 'ಆಧಾರರಹಿತ' ಅನ್ನೋದಾದ್ರೂ ತೆಗೀರಿ. 'ಅಧಿಕಾರಿಗಳು ತಿಳಿಸಿದ್ದಾರೆ' ಅಂತ ಕೊನೇಲಿ ಸೇರಿಸಿ ಓದ್ತೀನಿ."

ಅವರು ಪೆನ್ನು ತೆಗೆದರು. ಒಂದು ಕ್ಷಣ ಆ ಪದದ ಮೇಲೆ ಹಿಡಿದರು ಕೂಡ. ಆಮೇಲೆ ಮುಚ್ಚಳ ಹಾಕಿ ಕೆಳಗಿಟ್ಟರು. "ಬೇಡ ಕಣ್ರೀ. ನೋಟ್‌ನಲ್ಲಿ ಹೆಂಗಿದೆಯೋ ಹಂಗೇ ಹೋಗ್ಲಿ. ಒಂದು ಪದ ಆಚೀಚೆ ಆದ್ರೆ ಯಾಕೆ ಅಂತ ಕೇಳ್ತಾರೆ. ಇದ್ದ ಹಾಗೆ ಓದಿದ್ರೆ ಯಾರೂ ಕೇಳಲ್ಲ."

ಗಡಿಯಾರ ನೋಡಿದೆ. ನಾಲ್ಕು ನಿಮಿಷವಿತ್ತು. ಓದುವುದಿಲ್ಲ ಎಂದಿದ್ದರೆ ಪಕ್ಕದ ಕೋಣೆಯಲ್ಲಿದ್ದ ಇನ್ನೊಬ್ಬರು ಬಂದು ಓದುತ್ತಿದ್ದರು. ಈ ಸಮಾಧಾನವನ್ನು ನಾನು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸ್ಟುಡಿಯೊದ ಕೆಂಪು ದೀಪ ಹತ್ತಿತು, ಓದಿದೆ. ನಾಲಿಗೆ ತೊದಲಲಿಲ್ಲ, ದನಿ ನಡುಗಲಿಲ್ಲ. 'ಯೋಗ್ಯವಾಗಿದೆ' ಎಂಬಲ್ಲಿ ಹನ್ನೆರಡು ವರ್ಷದ ಅಭ್ಯಾಸದಂತೆ ದನಿ ತಾನೇ ತಾನಾಗಿ ಇಳಿದು, ಕೇಳಿದವರಿಗೆ ಭರವಸೆ ಬರುವ ಹಾಗೆ ನಿಂತಿತು.

ಮನೆಗೆ ಫೋನು ಮಾಡಬೇಕೆಂದು ಹೊಳೆದದ್ದು ಎರಡನೆಯ ಬುಲೆಟಿನ್ ಮುಗಿದ ಮೇಲೆ. ಅವ್ವ ಎತ್ತಲಿಲ್ಲ. ಮೆಟ್ರೊದಲ್ಲಿ ಕೂತಾಗಲೂ ಮಾಡಿದೆ, ಎತ್ತಲಿಲ್ಲ. ದಾಸರಹಳ್ಳಿಯಲ್ಲಿ ಇಳಿದು ತುಮಕೂರು ರಸ್ತೆಯ ಪಕ್ಕದ ಜನಜಂಗುಳಿಯಲ್ಲಿ ನಡೆಯುವಾಗ ಕಾಲುಗಳು ತಾವಾಗಿಯೇ ಬೇಗ ಬೇಗ ಹೋದವು. ಮನೆಗೆ ಬಂದರೆ ಅವ್ವ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿಸಿತು.

"ಅವ್ವಾ, ವಾಲ್ವ್ ಬಿಟ್ಟೋರ್ಯಾರು?"

"ನಾನೇಯ. ನೀನೇ ಏಳ್ದಲ್ಲಪ್ಪ ರೇಡಿಯೋದಾಗೆ, ನೀರು ಸರ್ಯಾಗೈತೆ ಅಂತವ. ಇವತ್ತು ಅಳದಿನೂ ವಸಿ ಕಮ್ಮಿ ಆಗೈತೆ."

"ಎಲ್ರಿಗೂ ಹೇಳಿದ್ಯಾ?"

"ಆರು ಮನೆಗೂ ಏಳ್ದೆ. ಪಾಪ, ಕ್ಯಾನ್ ಒತ್ತು ಒತ್ತು ಸಾಕಾಗಿತ್ತು ಅವ್ಕೆ. ಯಾಕ್ಲಾ, ಮಕ ಯಾಕಂಗೆ ಮಾಡ್ಕಂಡೆ?"

ಓಡಿಹೋಗಿ ವಾಲ್ವ್ ತಿರುಗಿಸಿದೆ. ಪ್ರತಿ ಮನೆಯ ಬಾಗಿಲು ತಟ್ಟಿದೆ. ನಾಲ್ಕು ಮನೆಯವರು ಕೆಲಸಕ್ಕೆ ಹೋಗಿದ್ದರು. ಬೆಳಗಿನ ಅಡುಗೆಯನ್ನು ಅದೇ ನೀರಿನಲ್ಲಿ ಮಾಡಿ, ಅದನ್ನೇ ಬಾಟಲಿಗೆ ತುಂಬಿಕೊಂಡು ಹೋಗಿದ್ದರು. ಒಬ್ಬೊಬ್ಬರಿಗೂ ಫೋನು ಮಾಡಿ ಕುಡಿಯಬೇಡಿ ಎಂದೆ. ಮೂವರು ಎತ್ತಿದರು. ಎತ್ತದಿದ್ದವಳು ಎರಡನೆಯ ಮಹಡಿಯ ಹೆಣ್ಣುಮಗಳು. ರಾಯಚೂರು ಕಡೆಯವಳು, ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಕೆಲಸದ ಹೊತ್ತಿನಲ್ಲಿ ಅವರ ಫೋನನ್ನು ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆಂದು ಗೊತ್ತಿತ್ತು. ನಾನೇ ಆ ಗೇಟಿಗೆ ಹೋದೆ. ಸೆಕ್ಯುರಿಟಿಯವನು ಊಟದ ಹೊತ್ತಿಗೆ ಹೇಳುತ್ತೇನೆ ಎಂದ. ಅಷ್ಟು ಹೊತ್ತಿಗಾಗಲೇ ಅವಳನ್ನು ಕಾರ್ಖಾನೆಯ ವಿಶ್ರಾಂತಿ ಕೋಣೆಯಲ್ಲಿ ಮಲಗಿಸಿದ್ದರು. ವಾಂತಿ ನಿಲ್ಲುತ್ತಿರಲಿಲ್ಲ.

ಆಸ್ಪತ್ರೆಗೆ ಅವಳನ್ನು ಆಟೊದಲ್ಲಿ ಕರೆದುಕೊಂಡು ಹೋದವರು ನಾನು ಮತ್ತು ಅವಳ ಜೊತೆ ಕೆಲಸ ಮಾಡುವ ಇನ್ನೊಬ್ಬ ಹೆಂಗಸು. ಅಲ್ಲಿ ನಮ್ಮ ಬೀದಿಯ ಇನ್ನೂ ನಾಲ್ಕು ಮುಖಗಳು ಕಂಡವು. ಡಾಕ್ಟರಮ್ಮ ಎಲ್ಲರನ್ನೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಯಾವ ನೀರು ಕುಡಿದ್ರಿ?" ನಮ್ಮ ಮನೆಯ ಹೆಣ್ಣುಮಗಳು ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ನಾನು ಹತ್ತಿರ ಹೋದಾಗ ಕಣ್ಣು ತೆರೆದು ಮೆಲ್ಲಗೆ ಹೇಳಿದಳು: "ಎರಡು ದಿನ ಕುಡಿದಿದ್ದಿಲ್ರಿ ಅಣ್ಣಾರ. ಮುಂಜಾನೆ ರೇಡಿಯೋದಾಗ ನೀವಾ ಹೇಳಿದ್ರಲ್ರಿ, ಅದಕ್ಕ ಕುಡಿದೆ."

ಅದರಲ್ಲಿ ಆರೋಪವಿರಲಿಲ್ಲ. ಡಾಕ್ಟರಿಗೆ ಹೇಳುವ ಹಾಗೆ, ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು. ನಾನು ಹೊರಗೆ ಬಂದುಬಿಟ್ಟೆ. ಮೂರನೆಯ ದಿನ ಅವಳು ನಡೆದುಕೊಂಡೇ ಮನೆಗೆ ಬಂದಳು. ನನ್ನ ಪುಣ್ಯ.

ಜೆರಾಕ್ಸ್ ಅಂಗಡಿಯವನು ಆಸ್ಪತ್ರೆಯ ವರಾಂಡಾದಲ್ಲೂ ವಿಡಿಯೊ ಮಾಡಿದ್ದ. ಮಾರನೆಯ ದಿನ ಅವನನ್ನು ಸ್ಟೇಷನ್ನಿಗೆ ಕರೆಸಿದರು. ಸುಳ್ಳು ಸುದ್ದಿ ಹರಡಿ ಜನರಲ್ಲಿ ಭೀತಿ ಹುಟ್ಟಿಸಿದ ಎಂದು ದೂರು ದಾಖಲಾಯಿತು. ಫೋನು ವಶಪಡಿಸಿಕೊಂಡರು. ರಾತ್ರಿಯೊಳಗೆ ಬಿಟ್ಟು ಕಳಿಸಿದರೂ ಅಂಗಡಿಯ ಶಟರು ಮೇಲೇಳಲಿಲ್ಲ.

ಪತ್ರಿಕೆಯೊಂದರಲ್ಲಿ ನಗರ ವರದಿಗಾರನಾಗಿರುವ ನನ್ನ ಹಳೆಯ ಗೆಳೆಯನಿಗೆ ಫೋನು ಮಾಡಿದೆ. ಆಸ್ಪತ್ರೆಯಲ್ಲಿ ಜನ ಮಲಗಿದ್ದಾರೆ, ನೀವಾದರೂ ಬಂದು ನೋಡಿ ಬರೆಯಿರಿ ಎಂದೆ.

"ಬರೆದು ಕೊಟ್ಟೆ ಕಣೋ," ಎಂದ. "ಡೆಸ್ಕ್‌ನಲ್ಲಿ ತೆಗೆದುಹಾಕಿದ್ರು. ರೇಡಿಯೋದಲ್ಲೇ ಇಲ್ಲ ಅಂತ ಬಂದ್ಮೇಲೆ ನಾವು ಹೌದು ಅಂತ ಹಾಕಿ ನಾಳೆ ನೋಟಿಸ್ ತಗೊಳ್ಳೋದಾ ಅಂದ್ರು. ನೀವು ಓದಿದ್ದನ್ನೇ ಒಂದು ಬಾಕ್ಸ್ ಮಾಡಿ ಹಾಕಿದಾರೆ ನೋಡು, ಐದನೇ ಪುಟ."

ನೋಡಿದೆ. ಅದೇ ಮೂರು ಸಾಲು. ಇನ್ನೊಂದು ಪತ್ರಿಕೆಯಲ್ಲೂ ಅದೇ. ಅಷ್ಟು ವರ್ಷ ನಾನು ಅಂದುಕೊಂಡಿದ್ದುದು, ನಮ್ಮದು ಒಂದು ದನಿ, ಖಾಸಗಿಯವರದು ಇನ್ನೊಂದು, ಕೇಳುವವರು ಎರಡನ್ನೂ ತೂಗಿ ನೋಡುತ್ತಾರೆ ಎಂದು. ನಮ್ಮ ದನಿ ಉಳಿದವರ ಬಾಯಿಗೆ ಬೀಗವಾಗಬಹುದು ಎಂಬುದು ತಲೆಗೆ ಹೊಳೆದಿರಲಿಲ್ಲ. ಯಾರನ್ನೂ ಬೆದರಿಸುವ ಅಗತ್ಯವೇ ಇರಲಿಲ್ಲ. ನಾವು 'ಇಲ್ಲ' ಎಂದರೆ ಸಾಕಿತ್ತು, 'ಇದೆ' ಎನ್ನುವವನು ತಾನಾಗಿಯೇ ಅಪರಾಧಿಯಾಗುತ್ತಿದ್ದ.

ಭಾನುವಾರ ಜೆರಾಕ್ಸ್ ಅಂಗಡಿಯವನ ಹೆಂಡತಿ ನಮ್ಮ ಮನೆಗೆ ಬಂದಳು. ಅವ್ವ ಕೊಟ್ಟ ಕಾಫಿ ಲೋಟವನ್ನು ಕೈಯಲ್ಲೇ ಹಿಡಿದು ಕುಡಿಯದೆ ಕೂತಳು.

"ಅಣ್ಣ, ಸ್ಟೇಷನ್ನಲ್ಲಿ ನೀವು ಓದಿದ್ದನ್ನ ಬರೆಸಿ ಫೈಲಿಗೆ ಸೇರ್ಸಿದ್ದಾರೆ. ಲಾಯರ್ ಹೇಳಿದ್ರು. ಅದೇ ಸಾಕ್ಷಿಯಂತೆ, ಇವ್ರು ಹೇಳಿದ್ದು ಸುಳ್ಳು ಅನ್ನಕ್ಕೆ. ನೀವು ಒಂದ್ಸಲ ಬಂದು ಮಾತಾಡ್ತೀರಾ?"

ನೋಡೋಣ ಎಂದೆ. ಅವಳು ಹೋದ ಮೇಲೆ ಆ ಮಾತಿನ ಹೇಡಿತನ ನನಗೇ ಕೇಳಿಸಿತು.

ಆಮೇಲಿನ ಐದಾರು ದಿನ ಕೈಪಿಡಿಯ ಅನುವಾದಕ್ಕೆ ಕೂತರೆ 'ಅಪಾಯ' ಎಂಬ ಪದವನ್ನೇ ಮತ್ತೆ ಮತ್ತೆ ನೋಡುತ್ತ ಕೂತಿರುತ್ತಿದ್ದೆ. ಬೀದಿಯಲ್ಲಿ ಎದುರಾದವರು ಮೊದಲಿನಂತೆಯೇ "ಏನ್ ಸಾರ್, ಡ್ಯೂಟಿ ಇಲ್ವಾ?" ಎಂದು ಕೇಳಿದರೂ ಅದರಲ್ಲಿ ಬೇರೇನೋ ಇದೆ ಅನ್ನಿಸುತ್ತಿತ್ತು. ಮುಚ್ಚಿದ ಜೆರಾಕ್ಸ್ ಅಂಗಡಿಯ ಮುಂದೆ ಹೋಗಬಾರದೆಂದು ಮೆಟ್ರೊಗೆ ಸುತ್ತುಬಳಸಿನ ದಾರಿ ಹಿಡಿದೆ.

ಸ್ಟೇಷನ್ನಿಗೆ ಹೋಗಿ ಹೇಳಲೇ ಎಂದು ಸಂಪಾದಕರನ್ನು ಕೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಹೋಗ್ಬೇಡಿ. ನೀವು ಹೋಗಿ ಹೇಳಿಕೆ ಕೊಟ್ರೆ ಅದು ನಮ್ಮ ಇಲಾಖೆ ವಿರುದ್ಧಾನೇ ಆಗುತ್ತೆ. ನಾನು ನಿಮ್ಮನ್ನ ಉಳಿಸ್ಕೊಳ್ಳಕ್ಕಾಗಲ್ಲ."

"ಅವನು ಹೇಳಿದ್ದು ನಿಜ ಸಾರ್."

"ಗೊತ್ತು," ಎಂದರು. "ನಂಗೆ ಆವತ್ತೇ ಗೊತ್ತಿತ್ತು. ಪೆನ್ನು ತೆಗೆದಿದ್ನಲ್ಲ."

ಅವರ ಮುಖ ನೋಡಲಾಗಲಿಲ್ಲ. ಮುಂದೆ ನನ್ನ ಮುಖವೂ ಹಾಗೇ ಆಗಬಹುದೆಂದು ಭಯವಾಯಿತು.

ಮನೆಯಲ್ಲಿ ಈ ಎಲ್ಲವನ್ನೂ ಅವ್ವನಿಗೆ ಹೇಳಿದೆ. ನೆನೆಸಿದ ಒಣ ಅವರೆಕಾಳು ಇದುಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಾನು ನೀರು ಕುಡೀರಿ ಅಂತ ಆರು ಮನೆಗೆ ಏಳಿದ್ದೆ," ಎಂದಳು. "ಆರು ಮನೆಗೂ ಓಗಿ, ತಪ್ಪಾಯ್ತು ಕಣ್ರವ್ವಾ ಅಂದು ಬಂದೆ. ನೀನು ಎಷ್ಟು ಮನೆಗೆ ಏಳಿದ್ದೀಯೋ ನಿಂಗೇ ಗೊತ್ತಿಲ್ಲ. ಎಲ್ಲಾ ಮನೆಗೂ ಓಗಕ್ಕಾಯ್ತದಾ? ಆ ಒಬ್ಬನ ಮನೆಗಾದ್ರೂ ಓಗು."

ಅವಳು ಆರೂ ಮನೆಗೆ ಹೋಗಿ ಬಂದಿದ್ದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದೆ. ಅವನು ನನಗೆ ಕುರ್ಚಿ ಹಾಕಿ ತಾನು ನಿಂತೇ ಇದ್ದ. ಕ್ಷಮೆ ಕೇಳಿದೆ. "ಬಿಡಿ ಸಾರ್, ನಿಮ್ ಕೆಲಸ ನೀವು ಮಾಡಿದ್ರಿ," ಎಂದ. ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ಅಲ್ಲಿಂದ ಇಬ್ಬರೂ ಅವನ ಲಾಯರನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆವು.

ಇನ್ಸ್‌ಪೆಕ್ಟರ್ ನನ್ನ ದನಿ ಗುರುತಿಸಿದರು. ಕೂರಿಸಿ ಟೀ ತರಿಸಿದರು. ನಾನು ಬಂದ ವಿಷಯ ಹೇಳಿದಾಗ ಅವರ ಹುಬ್ಬು ಗಂಟಾಯಿತು.

"ಏನ್ ಸಾರ್, ನೀವೇ ಓದಿ ಈಗ ನೀವೇ ಸುಳ್ಳು ಅಂತೀರಾ?"

"ಸುಳ್ಳು ಅಂತ ಹೇಳೋಕೆ ಬಂದಿಲ್ಲ ಸಾರ್. ಅದನ್ನ ಓದೋ ಮುಂಚೆ ನಮ್ಮವರು ಯಾರೂ ಬಂದು ನೋಡಿಲ್ಲ, ನೀರು ಟೆಸ್ಟ್ ಮಾಡಿದ ಕಾಗದ ಯಾವುದೂ ನಮ್ಮ ಹತ್ರ ಇರ್ಲಿಲ್ಲ ಅಂತ ಹೇಳೋಕೆ ಬಂದೆ. ಇವರು ಮೋರಿಗೆ ಇಳಿದು ನೋಡಿ ಹೇಳಿದ್ರು. ನಾನು ನೋಡ್ದೇ ಓದ್ದೆ. ನೋಡ್ದೇ ಇದ್ದವನ ಮಾತನ್ನ ಸಾಕ್ಷಿ ಅಂತ ಇಟ್ಕೊಂಡು, ನೋಡಿದವರನ್ನ ಆರೋಪಿ ಮಾಡಿದ್ದೀರ."

"ಇದನ್ನ ಬರೆದು ಸಹಿ ಹಾಕ್ತೀರಾ?"

ಹಾಳೆ ಎಳೆದುಕೊಂಡೆ. ಒಂದೂವರೆ ಪುಟ ಬರೆದು ಸಹಿ ಹಾಕಿದೆ. ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿ ಫೈಲಿನೊಳಗೆ ಇಟ್ಟರು. ನಾವು ಹೊರಡುವಾಗ ಅಂಗಡಿಯವನ ಕಡೆ ತಿರುಗಿ, "ಸದ್ಯಕ್ಕೆ ಏನೂ ಹಾಕ್ಬೇಡ ಮಾರಾಯ," ಎಂದರು, ಅಷ್ಟೇ.

ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಅದರ ಮುಂದಿನ ತಿಂಗಳೂ ಇರಲಿಲ್ಲ. ಯಾರೂ ತೆಗೆದಿದ್ದೇವೆ ಎಂದು ಹೇಳಲಿಲ್ಲ, ಪತ್ರವೂ ಬರಲಿಲ್ಲ. ಸಂಪಾದಕರು ನಿವೃತ್ತರಾದ ದಿನ ಒಮ್ಮೆ ಫೋನು ಮಾಡಿ, ಆರೋಗ್ಯ ಹೇಗಿದೆ ಎಂದು ಕೇಳಿ, ಉತ್ತರ ಪೂರ್ತಿ ಕೇಳದೆ ಇಟ್ಟುಬಿಟ್ಟರು. ಬೆಳಿಗ್ಗೆ ಈಗಲೂ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಹೊರಡಬೇಕಾದ ಜಾಗವಿಲ್ಲ. ಎದ್ದು ಕೂತು ಹಿಂದಿನ ದಿನ ಯಾರ ಹತ್ತಿರ ಏನು ಮಾತಾಡಿದೆ ಎಂದು ನೆನಪು ಮಾಡಿಕೊಳ್ಳುತ್ತೇನೆ.

ಒಂದು ದಿನ ಜೆಸಿಬಿ ಬಂದು ಮೋರಿಯ ಪಕ್ಕ ರಸ್ತೆ ಅಗೆಯಿತು. ಹಳೆಯ ಪೈಪು ತೆಗೆದು, ಮೋರಿಯಿಂದ ದೂರಕ್ಕೆ ಹೊಸದನ್ನು ಹಾಕಿದರು. ಈಗ ನೀರು ಚೆನ್ನಾಗಿಯೇ ಬರುತ್ತದೆ. ಆ ಕೆಲಸದ ಬಗ್ಗೆ ಎಲ್ಲೂ ಒಂದು ಸಾಲು ಸುದ್ದಿ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಕೆಡದೇ ಇದ್ದ ನೀರಿನ ಪೈಪನ್ನು ಬದಲಿಸಿದ್ದೇಕೆ ಎಂದು ಹೇಳಬೇಕಾಗುತ್ತಿತ್ತು.

ಜೆರಾಕ್ಸ್ ಅಂಗಡಿ ಮತ್ತೆ ತೆರೆದಿದೆ. ಎಂಟು ತಿಂಗಳ ಮೇಲೆ ಅವನ ಫೋನು ವಾಪಸು ಬಂತು. ಕೇಸು ಇನ್ನೂ ಮುಚ್ಚಿಲ್ಲ. ನಿಮ್ಮ ಹೇಳಿಕೆ ಇರುವುದರಿಂದ ಮುಂದೆ ಹೋಗಲಿಕ್ಕಿಲ್ಲ ಎಂದು ಲಾಯರು ಹೇಳುತ್ತಾರೆ. ಮುಂದೆ ಹೋಗದಿದ್ದರೂ ಅದು ಅಲ್ಲೇ ಇರುತ್ತದೆ. ಅವನು ಮತ್ತೆ ವಿಡಿಯೊ ಮಾಡುತ್ತಾನೆ. ದೇವಸ್ಥಾನದ ಅನ್ನದಾನ, ಶಾಲೆಯ ವಾರ್ಷಿಕೋತ್ಸವ, ಕಣ್ಣಿನ ತಪಾಸಣೆ ಶಿಬಿರ. 'ವೀಕ್ಷಕರೇ' ಎನ್ನುವುದು ಕಡಿಮೆಯಾಗಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಅಂಗಡಿಯಿಂದಲೇ ಕರೆದು ಫೋನು ಮುಂದೆ ಹಿಡಿದ. ಪ್ಲೇಟಿಂಗ್ ಶೆಡ್ಡುಗಳ ಹಿಂದೆ ಡ್ರಮ್ಮುಗಟ್ಟಲೆ ಏನನ್ನೋ ಖಾಲಿ ನಿವೇಶನಕ್ಕೆ ಸುರಿದಿದ್ದರು. ಮಣ್ಣು ನೊರೆ ಎದ್ದು ನೀಲಿಯಾಗಿತ್ತು. ಎರಡು ನಿಮಿಷದ ವಿಡಿಯೊ. ಚೆನ್ನಾಗಿ ತೆಗೆದಿದ್ದ. ಮೊದಲಿಗಿಂತ ಚೆನ್ನಾಗಿ.

"ಇದನ್ನ ಹಾಕ್ಬೋದಾ ಸಾರ್? ನೀವು ಒಂದ್ಸಲ ನೋಡಿ ಹೇಳಿ. ನಿಮಗಾದ್ರೆ ಗೊತ್ತಾಗುತ್ತೆ."

ಕೌಂಟರಿಗೆ ಒರಗಿ ಎರಡು ಸಲ ನೋಡಿದೆ. "ಇಲ್ಲಿ 'ವಿಷ' ಅಂದಿದ್ದೀರಲ್ಲ, ಅದು ಬೇಡ," ಎಂದೆ. "'ದ್ರವ' ಅನ್ನಿ. ಶೆಡ್ಡಿನ ಬೋರ್ಡ್ ಕಾಣಿಸ್ತಿದೆ, ಅದನ್ನ ಕತ್ತರಿಸಿ. 'ಅಧಿಕಾರಿಗಳು ಕಣ್ಮುಚ್ಚಿ ಕೂತಿದ್ದಾರೆ' ಅನ್ನೋದು ಬೇಡವೇ ಬೇಡ."

ಅವನು ತಲೆಯಾಡಿಸುತ್ತ ಒಂದೊಂದನ್ನೂ ಹಳೆಯ ಬಿಲ್ಲಿನ ಹಿಂದೆ ಬರೆದುಕೊಂಡ. ನಾನು ಇನ್ನೂ ಏನೇನು ತೆಗೆಯಬೇಕೆಂದು ಹುಡುಕುತ್ತಿದ್ದೆ. ಅವನಿಗೆ ತೊಂದರೆಯಾಗಬಾರದು ಎಂಬ ಕಾಳಜಿ ನಿಜವೇ. ಆದರೆ ನನ್ನ ಬೆರಳು ಪರದೆಯ ಮೇಲೆ ಎಷ್ಟು ಸಲೀಸಾಗಿ ಓಡಾಡುತ್ತಿತ್ತೆಂದರೆ, ನನಗೇ ಅಂಜಿಕೆಯಾಗಿ ಕೈ ಹಿಂದಕ್ಕೆ ತೆಗೆದುಕೊಂಡೆ.

"ಇಷ್ಟೆಲ್ಲ ತೆಗೆದ್ರೆ ಏನ್ ಉಳಿಯುತ್ತೆ ಸಾರ್?" ಎಂದು ಕೇಳಿದ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದ.

"ನಿಮಗೆ ಹೇಗೆ ಅನ್ಸುತ್ತೋ ಹಾಗೆ ಮಾಡಿ," ಎಂದು ಹೇಳಿ ಬಂದುಬಿಟ್ಟೆ.

ಆ ಸಂಜೆ ಚಾನೆಲ್ ತೆರೆದು ನೋಡಿದೆ, ಇರಲಿಲ್ಲ. ಮರುದಿನವೂ ನೋಡಿದೆ. ವಾರದ ಮೇಲೆ ಆ ನಿವೇಶನದ ಪಕ್ಕದಲ್ಲಿ ಹೋದಾಗ ಮೇಲೆ ಕೆಂಪು ಮಣ್ಣು ಎಳೆದು ಸಮ ಮಾಡಿದ್ದರು. ಅಂಗಡಿಯ ಮುಂದೆ ದಿನವೂ ಹೋಗಿ ಬರುತ್ತೇನೆ. ಅವನು ನಮಸ್ಕಾರ ಸಾರ್ ಎನ್ನುತ್ತಾನೆ. ಯಾಕೆ ಹಾಕಲಿಲ್ಲ ಎಂದು ನಾನು ಕೇಳಿಲ್ಲ.